ಕಲ್ಲಿಲ್ಲದ ನಾಡಿನ ಮೆಟ್ಟಿಲು

ಅಥವಾ ತಾನು ಮೊದಲಿನಿಂದಲೂ ತಪ್ಪು ಪ್ರಶ್ನೆಯನ್ನೇ ಕೇಳುತ್ತಿರಬಹುದೇ?

ಪೊಲೀಸ್ ಪತ್ತೇದಾರ ವೆಂಡೆಲ್ ಟಿಗ್ನರ್ ಗಾಡಿಯ ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಬುಧವಾರದಿಂದ ಅವನು ಊರೆಲ್ಲ ಕೇಳುತ್ತ ಬಂದದ್ದು ಒಂದೇ ಮಾತು: ಕದ್ದವರು ಯಾರು? ಕೇಳಿಸಿಕೊಂಡವರೆಲ್ಲ ನಕ್ಕಿದ್ದರು. ನಗದೆ ಇನ್ನೇನು ಮಾಡುತ್ತಾರೆ? ವರ್ಜೀನಿಯಾದ ಈ ನದೀತೀರದಲ್ಲಿ ಲಾಂಗ್‌ಮೀರ್ ಮನೆತನಕ್ಕಿಂತ ಹಳೆಯ ಮನೆತನವಿಲ್ಲ. ಇಂಗ್ಲೆಂಡಿನ ರಾಜನಿಗೆ ಕಂದಾಯ ಕಟ್ಟುತ್ತಿದ್ದ ಕಾಲದಿಂದಲೂ ಹೊಗೆಸೊಪ್ಪು ಬೆಳೆದು ಮೆರೆದವರು. ಮನೆಯೊಳಗೆ ಬೆಳ್ಳಿಯ ಬಟ್ಟಲುಗಳಿವೆ, ಬಿಳಿಯ ಟೋಪನ್ ತೊಟ್ಟ ಹಿರಿಯರ ದೊಡ್ಡ ದೊಡ್ಡ ಪಟಗಳಿವೆ. ಅದನ್ನೆಲ್ಲ ಬಿಟ್ಟು ಕಳ್ಳನೊಬ್ಬ ಹಿತ್ತಿಲಿನ ಹಳೆಯ ಅಡುಗೆಮನೆಯ ಬಾಗಿಲ ಮುಂದಿದ್ದ ಕಲ್ಲಿನ ಮೆಟ್ಟಿಲನ್ನು ಎಬ್ಬಿಸಿಕೊಂಡು ಹೋಗಿದ್ದ.

“ನಾಳೆ ಯಾರಾದ್ರೂ ಸೂರು ಕದ್ರೆ ಆ ಕೇಸೂ ನಿಂಗೇ ಕಣಪ್ಪ,” ಎಂದಿದ್ದ ಅವನ ಮೇಲಧಿಕಾರಿ, ಜಿಲ್ಲೆಯ ಪೊಲೀಸರಿಗೆಲ್ಲ ಹಿರಿಯನಾದ ಷರೀಫ್.

ಇವತ್ತು ಬೆಳಗ್ಗೆ ಮಾತ್ರ ಷರೀಫ್ ನಕ್ಕಿರಲಿಲ್ಲ. “ಹ್ಯೂ ಲಾಂಗ್‌ಮೀರ್ ದೂರು ಕೊಟ್ಟಿದಾನೆ. ಕದ್ದಿದ್ದು ಆ ವರ್ಡೆಲ್ ಟೋಲ್ಸನ್ ಅಂತೆ, ಭಾನುವಾರ ಮೆಟ್ಟಿಲಿನ ಫೋಟೋ ತೆಗೀತಿದ್ಲಂತೆ. ಮಧ್ಯಾಹ್ನದೊಳಗೆ ಕರ್ಕೊಂಬಾ.”

ವರ್ಡೆಲ್ ಟೋಲ್ಸನ್ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಲಾಂಗ್‌ಮೀರ್ ಹೊಲಗಳಲ್ಲಿ ಗುಲಾಮರಾಗಿ ದುಡಿದು ಸತ್ತವರು ತನ್ನ ಹಿರಿಯರೆಂದೂ ಅವರೆಲ್ಲ ಅದೇ ನೆಲದಲ್ಲಿ ಗುರುತಿಲ್ಲದೆ ಮಲಗಿದ್ದಾರೆಂದೂ ಆಕೆ ಕಂಡಕಂಡವರಿಗೆ ಹೇಳುತ್ತಿದ್ದಳು. ಎಲ್ಲಿ ಎಂದು ಕೇಳಿದರೆ ಅವಳ ಬಳಿ ಉತ್ತರವಿರಲಿಲ್ಲ. ಲಾಂಗ್‌ಮೀರ್ ಮನೆಯ ಈಗಿನ ಒಡೆಯ ಹ್ಯೂ ನದಿಯಂಚಿನ ಜಮೀನನ್ನೆಲ್ಲ ಅಗೆದು ಶ್ರೀಮಂತರ ದೋಣಿಗಳಿಗೆ ಕಟ್ಟೆ ಕಟ್ಟಿಸಲು ಹೊರಟಿದ್ದ. ಸೋಮವಾರ ಕೌಂಟಿಯ ಆಡಳಿತ ಮಂಡಳಿ ಅದಕ್ಕೆ ಒಪ್ಪಿಗೆ ಕೊಡುವುದೋ ಬಿಡುವುದೋ ತೀರ್ಮಾನಿಸಲಿತ್ತು. ಅದಕ್ಕೆ ಮುಂಚೆ ವರ್ಡೆಲ್ ಕಳ್ಳಿಯೆಂದು ಠಾಣೆಯ ಮೆಟ್ಟಿಲು ಹತ್ತಿದರೆ ಮಂಡಳಿಯಲ್ಲಿ ಅವಳ ಮಾತಿಗೆ ಕಿವಿಗೊಡುವವರು ಯಾರು? ಆಮೇಲೆ ಬರುವ ಯಂತ್ರಗಳು ಯಾರ ಎಲುಬು ಎಂದು ಕೇಳಿ ಅಗೆಯುವುದಿಲ್ಲ.

ಫೋನು ರಿಂಗಣಿಸಿತು. ಅವನ ತಾಯಿ.

“ವೆಂಡೆಲ್, ಮಧ್ಯಾಹ್ನ ಊಟಕ್ಕೆ ಬರ್ತೀಯೇನೋ? ಪಕ್ಕದ್ಮನೆ ಕ್ಲೈಡ್ ಒಂದು ಬುಟ್ಟಿ ಸಿಂಪಿ ಕೊಟ್ಟುಹೋಗಿದಾನೆ. ಬಿಡಿಸ್ತಾ ಕೂತಿದೀನಿ.”

“ನೋಡ್ತೀನಮ್ಮ.”

“ನೋಡ್ತೀನಿ ಅಂದ್ರೆ ಬರಲ್ಲ ಅಂತ. ನಿಮ್ಮಪ್ಪನೂ ಹಾಗೇ.”

ಮಾತಿನ ನಡುವೆ ಟಕ್ ಎಂದು ಸದ್ದು ಕೇಳಿಸಿತು. ಹಿತ್ತಿಲ ಬಾಗಿಲಿನ ಕಲ್ಲುಮೆಟ್ಟಿಲಲ್ಲಿ ಕೂತು, ಅದರ ಮುರಿದ ಅಂಚಿನಲ್ಲಿರುವ ಕಚ್ಚಿಗೆ ಸಿಂಪಿಯನ್ನು ಸಿಕ್ಕಿಸಿ, ಚಿಪ್ಪು ಬಿರಿದು ಒಳಗಿನ ಮಾಂಸ ಸಿಗುವಂತೆ ಚಾಕುವಿನ ಹಿಡಿಯಿಂದ ಗುದ್ದುವುದು ಅವಳ ಪದ್ಧತಿ. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳು. ಚಿಕ್ಕವನಿದ್ದಾಗ ಅದೇ ಅಂಚಿಗೆ ಬಿದ್ದು ಹುಬ್ಬು ಸೀಳಿಕೊಂಡಿದ್ದು ವೆಂಡೆಲ್‌ಗೆ ನೆನಪಾಯಿತು. ಫೋನಿಟ್ಟು ಗಾಡಿಯಿಂದಿಳಿದ.

*

ವರ್ಡೆಲ್ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಕೋಟು ತೊಟ್ಟು, ಚರ್ಚಿಗೆ ಹೋಗುವ ಟೋಪಿ ಇಟ್ಟುಕೊಂಡು ಸಿದ್ಧಳಾಗಿದ್ದಳು.

“ಬಾ ಬಾ. ನನ್ನ ಬಸ್ಸಿನ ಹಿಂದಿನ ಸೀಟಲ್ಲಿ ವಾರಕ್ಕೊಂದ್ಸಲ ವಾಂತಿ ಮಾಡ್ತಿದ್ದ ಹುಡ್ಗ. ಇವತ್ತು ನನ್ನ ಹಿಡ್ಕೊಂಡು ಹೋಗೋಕೆ ಬಂದಿದೀಯ.”

“ವಾರಕ್ಕೊಂದ್ಸಲ ಅಲ್ಲ, ಮಿಸ್ ವರ್ಡೆಲ್.”

“ತೊಳೆದವಳು ನಾನು. ಲೆಕ್ಕ ನಂಗೊತ್ತು. ಎಲ್ಲಿ, ಕೈಕೋಳ ತಂದಿದೀಯಾ?”

“ಹತ್ತಿ, ಗಾಡಿ ಹತ್ತಿ.”

ದಾರಿಯಲ್ಲಿ ಅವಳು ತಾನಾಗಿಯೇ ಮಾತು ತೆಗೆದಳು. “ಆ ಭಾನುವಾರ ಮೆಟ್ಟಿಲಿನ ಫೋಟೋ ತೆಗೆದಿದ್ದು ನಾನೇ. ಇಲ್ಲ ಅನ್ನಲ್ಲ. ಆದ್ರೆ ಕದಿಯೋದು? ನನ್ನ ಎರಡು ಮಂಡಿನೂ ಡಾಕ್ಟರು ಹಾಕಿದ್ದು. ಒಂದು ಕುಂಬಳಕಾಯಿ ಎತ್ತೋಕೆ ಇಬ್ಬರನ್ನ ಕರೀತೀನಿ.”

“ಫೋಟೋ ಯಾಕೆ ತೆಗೆದ್ರಿ?”

ಅವಳು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸೋಯಾ ಕೊಯ್ದ ಹೊಲಗಳು ಅಕ್ಟೋಬರಿನ ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು.

“ನಮ್ಮಜ್ಜಿ ಆ ಅಡುಗೆಮನೇಲಿ ಬೇಯಿಸಿ ಹಾಕ್ತಿದ್ಲು. ಅವಳ ಅಮ್ಮನೂ ಅಲ್ಲೇ. ಅಜ್ಜಿ ಜೊತೆ ನಾನೂ ಹೋಗ್ತಿದ್ದೆ. ಆ ಮೆಟ್ಟಿಲನ್ನ ಅವಳು ತುಳೀತಿರ್ಲಿಲ್ಲ. ಕೈಯಲ್ಲಿ ಕುದಿಯೋ ಪಾತ್ರೆ ಇದ್ರೂ ಕಾಲೆತ್ತಿ ದಾಟೋಳು. ನಾನೊಂದ್ಸಲ ತುಳಿದಿದ್ದಕ್ಕೆ ಬೆನ್ನಿಗೆ ಬಿತ್ತು. ಯಾಕಜ್ಜಿ ಅಂದ್ರೆ, ‘ನಮ್ಮೋರು ತುಳಿಯಲ್ಲ.’ ಅಷ್ಟೇ. ಅವಳಿಗೂ ಅವಳಮ್ಮ ಅಷ್ಟೇ ಹೇಳಿದ್ದಂತೆ.”

“ಕಾರಣ ಯಾರಿಗೂ ಗೊತ್ತಿರ್ಲಿಲ್ವಾ?”

“ಕಾರಣ ಸತ್ತುಹೋಯ್ತು, ಅಭ್ಯಾಸ ಉಳ್ಕೊಂತು.” ಆಮೇಲೆ ತಟ್ಟನೆ ಮುಂದಕ್ಕೆ ಬಾಗಿದಳು. “ಏಯ್, ಠಾಣೆ ಎಡಗಡೆ ಅಲ್ವೇನೋ?”

“ಕರ್ಕೊಂಬಾ ಅಂದ್ರು, ಮಿಸ್ ವರ್ಡೆಲ್. ಎಲ್ಲಿಗೆ ಅಂತ ಹೇಳ್ಲಿಲ್ಲ.”

ಗಾಡಿ ಬಲಕ್ಕೆ ತಿರುಗಿ ಲಾಂಗ್‌ಮೀರ್ ಕಮಾನಿನೊಳಗೆ ನುಗ್ಗಿತು.

*

ಹಳೆಯ ಅಡುಗೆಮನೆ ದೊಡ್ಡ ಮನೆಯಿಂದ ಬೇರೆಯಾಗಿ ಹಿತ್ತಿಲಿನಲ್ಲಿ ನಿಂತ ಇಟ್ಟಿಗೆಯ ಕಟ್ಟಡ. ಬುಧವಾರ ವೆಂಡೆಲ್ ಸುತ್ತಿದ್ದ ಹಳದಿ ಪಟ್ಟಿ ಇನ್ನೂ ಹಾಗೇ ಇತ್ತು. ಬಾಗಿಲ ಮುಂದೆ ಕಲ್ಲಿದ್ದ ಜಾಗದಲ್ಲಿ ತೇವದ ಕುಣಿ. ಅದರ ಮೇಲೆ ಯಾರೋ ಒಂದು ಮರದ ಪೆಟ್ಟಿಗೆ ಬೋರಲು ಹಾಕಿದ್ದರು.

ಹ್ಯೂ ಲಾಂಗ್‌ಮೀರ್ ಪಟ್ಟಿಯ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅರವತ್ತರ ಆಸುಪಾಸು, ಬಿಸಿಲಿಗೆ ಕೆಂಪಾದ ಮುಖ, ಸದಾ ಅರ್ಧ ನಗು. ಗಾಡಿಯೊಳಗೆ ಕೂತಿದ್ದ ವರ್ಡೆಲ್‌ಳನ್ನು ಕಂಡು ಆ ಅರ್ಧ ನಗುವೂ ಹೋಯಿತು.

“ಅವಳನ್ನ ಇಲ್ಲಿಗ್ಯಾಕೆ ತಂದ್ರಿ? ಸೆರೆಮನೆಗೆ ದಾರಿ ಗೊತ್ತಿಲ್ವಾ?”

“ಒಂದೆರಡು ಪ್ರಶ್ನೆ ಇತ್ತು, ಮಿಸ್ಟರ್ ಲಾಂಗ್‌ಮೀರ್.”

“ನಿಮ್ಮ ಪ್ರಶ್ನೆಯಿಂದಾಗಿ ಗುರುವಾರದ ಕೆಲಸ ನಿಂತಿದೆ. ಇದನ್ನ ಕೆಡವಿ ಇಟ್ಟಿಗೆ, ಕಲ್ಲು ಎಲ್ಲಾ ದೋಣಿಕಟ್ಟೆ ರಸ್ತೆಯ ಬುಡಕ್ಕೆ ಹಾಕ್ಬೇಕಿತ್ತು. ಒಂದು ಮೆಟ್ಟಿಲಿಗೆ ಇಷ್ಟೊಂದು ಪಟ್ಟಿ ಸುತ್ತಿದ್ದು ನಾನೆಲ್ಲೂ ಕಂಡಿಲ್ಲ.”

“ಕಲ್ಲನ್ನೂ ಪುಡಿ ಮಾಡಿಸ್ತಿದ್ರಾ?”

“ಕಲ್ಲು ಕಲ್ಲೇ.” ಹ್ಯೂ ದನಿ ತಗ್ಗಿಸಿದ. “ನೋಡಪ್ಪ ಟಿಗ್ನರ್, ನಿಮ್ಮ ಹಿರೀಕರು ನಮ್ಮ ಹೊಲದ ಮೇಸ್ತ್ರಿಗಳಾಗಿದ್ದೋರು. ತಲೆತಲಾಂತರದಿಂದ ನಮ್ಮ ಉಪ್ಪು ತಿಂದ ಮನೆ. ಬೇಗ ಮುಗ್ಸು.”

ಮೇಸ್ತ್ರಿಗಳು. ಚಾವಟಿ ಹಿಡಿದವರು ಎಂದು ಹೇಳುವ ನಯವಾದ ಬಗೆ ಅದು. ವೆಂಡೆಲ್‌ನ ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಹೇಳಿದವರೂ ಇರಲಿಲ್ಲ. ಊಟದ ಮೇಜಿನ ಸುತ್ತ ಕೆಲವು ಹೆಸರುಗಳು ಬಂದಾಗ ಚಮಚಗಳ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ. ಅವನು ಪತ್ತೇದಾರನಾದದ್ದು ಬಹುಶಃ ಆ ಚಮಚಗಳಿಂದಲೇ.

ಹ್ಯೂ ಫೋನಿನಲ್ಲಿ ಯಾರನ್ನೋ ಗದರುತ್ತ ಮನೆಯತ್ತ ಹೋದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಕಿರುಗುಟ್ಟಿತು.

ಹೊರಗೆ ಬಂದದ್ದು ಮಿಸ್ ಕಾರ್ನೀಲಿಯಾ ಲಾಂಗ್‌ಮೀರ್, ಹ್ಯೂನ ಸೋದರತ್ತೆ. ಮದುವೆಯಾಗದೆ ಈ ಮನೆಯಲ್ಲೇ ಉಳಿದು ಎಂಬತ್ತು ದಾಟಿದವಳು. ಪ್ರವಾಸಿಗಳಿಗೆ ಮನೆ ತೋರಿಸುತ್ತ, ಕರ್ನಲ್ ನಥಾನಿಯಲ್ ಲಾಂಗ್‌ಮೀರ್‌ನಿಂದ ಹಿಡಿದು ಪ್ರತಿಯೊಬ್ಬ ಹಿರಿಯನ ಹುಟ್ಟು, ಸಾವು, ಮದುವೆ, ಜಗಳಗಳನ್ನು ಬಾಯಿಪಾಠ ಒಪ್ಪಿಸುವವಳು. ಕೊರಳಲ್ಲಿ ಮುತ್ತಿನ ಸರ, ಕಾಲಲ್ಲಿ ರಬ್ಬರ್ ಬೂಟು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

ಅವಳು ಹೊಸ್ತಿಲಲ್ಲಿ ನಿಂತಳು. ಕೆಳಗೆ ಪೆಟ್ಟಿಗೆಯಿತ್ತು, ಕಾಲಿಡಲು ಸರಿಯಾದ ಎತ್ತರದಲ್ಲಿ. ಅವಳು ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ನೋವಿಗೆ ತುಟಿ ಕಚ್ಚಿ, ಬಲಗಾಲನ್ನು ಎತ್ತಿ ಪೆಟ್ಟಿಗೆಯನ್ನು ದಾಟಿ ನೆಲದ ಮೇಲಿಟ್ಟಳು. ಆಮೇಲೆ ಎಡಗಾಲನ್ನೂ ಹಾಗೇ ತಂದಳು. ವೆಂಡೆಲ್ ಚಾಚಿದ ಕೈಯನ್ನು ನೋಡಲೂ ಇಲ್ಲ.

ವೆಂಡೆಲ್ ಅಲ್ಲೇ ನಿಂತ. ಗಾಡಿಯ ಕಿಟಕಿಯಲ್ಲಿ ವರ್ಡೆಲ್‌ಳ ಮುಖ ಕಂಡಿತು. ಅವಳೂ ನೋಡಿದ್ದಳು.

ಅಲ್ಲಿ ಈಗ ಕಲ್ಲೇ ಇರಲಿಲ್ಲ. ಆದರೂ ಆ ಕಾಲು ದಾಟಿತ್ತು.

*

ವೆಂಡೆಲ್ ಹಿತ್ತಿಲ ಹಿಂದಿನ ಹೊಗೆಸೊಪ್ಪಿನ ಕೊಟ್ಟಿಗೆಯವರೆಗೆ ನಡೆದು ಹೋದ. ದಾರಿಯಲ್ಲಿ ಕಾಡುಬಾತುಗಳ ಹಿಂಡೊಂದು ಅಡ್ಡ ಬಂದು ಬುಸುಗುಟ್ಟಿತು. ಎಸೆಯಲು ಏನಾದರೂ ಸಿಕ್ಕೀತೆಂದು ಬಗ್ಗಿದ. ಸಿಕ್ಕಿದ್ದು ಕೆಂಪು ಮಣ್ಣಿನ ಹೆಂಟೆ, ಸಿಂಪಿಯ ಚಿಪ್ಪು. ಅವನಿಗೆ ನಗು ಬಂತು. ಇಲ್ಲಿ ಹುಟ್ಟಿದವನು ಇಲ್ಲಿ ಕಲ್ಲು ಹುಡುಕುತ್ತಾನೆಯೇ? ನದಿ, ಸಮುದ್ರ ಸೇರಿ ತಂದು ಸುರಿದ ಮಣ್ಣಿನ ನಾಡು ಇದು. ಎಷ್ಟು ಅಗೆದರೂ ಮರಳು, ಜೇಡಿ, ಚಿಪ್ಪು. ಈ ತೀರದಲ್ಲಿರುವ ಒಂದೊಂದು ಹಳೆಯ ಕಲ್ಲೂ ಹಡಗಿನಲ್ಲಿ ಬಂದದ್ದು.

ಹಾಗಾದರೆ ಒಬ್ಬ ಅಡುಗೆಯವಳ ಬಾಗಿಲಿಗೆ ಅಷ್ಟು ದೊಡ್ಡ ಚಪ್ಪಡಿಯನ್ನು ಸಮುದ್ರ ದಾಟಿಸಿ ತಂದು ಹಾಕಿದವರು ಯಾರು? ದೊಡ್ಡ ಮನೆಯ ಮುಂಬಾಗಿಲಿಗೇ ಇಟ್ಟಿಗೆಯ ಮೆಟ್ಟಿಲುಗಳಿದ್ದವು.

ಕೊಟ್ಟಿಗೆಯಲ್ಲಿ ಹೊಗೆಸೊಪ್ಪು ತೂಗುಹಾಕುತ್ತಿದ್ದ ದುಂಡನೆಯ ಗಳಗಳನ್ನು ಗೋಡೆಗೆ ಒರಗಿಸಿದ್ದರು. ತೂಗುಹಾಕಿ ವರ್ಷಗಳೇ ಆಗಿದ್ದವು. ಎಲ್ಲಕ್ಕೂ ಜೇಡರ ಬಲೆ. ಒಂದು ಮೂಲೆಯ ನಾಲ್ಕಾರಕ್ಕೆ ಮಾತ್ರ ಬಲೆಯಿರಲಿಲ್ಲ. ಅವುಗಳ ಮೈಗೆ ಮಣ್ಣೂ ಇಟ್ಟಿಗೆಯ ಕೆಂಪು ಪುಡಿಯೂ ಮೆತ್ತಿತ್ತು. ಪಕ್ಕದಲ್ಲಿ ಹುಲ್ಲು ಕತ್ತರಿಸುವ ಪುಟ್ಟ ಗಾಡಿ. ಅದರ ಹಿಂದಿನ ಕೊಕ್ಕೆಯಲ್ಲಿ ಹಗ್ಗದ ನಾರು.

ಗಟ್ಟಿ ಮೈಯ ಇಬ್ಬರು ಮೂವರು ಬಂದು ಲಾರಿಗೆ ಹಾಕಿಕೊಂಡು ಹೋಗಿರಬೇಕೆಂದು ಅವನು ರಸ್ತೆಯಲ್ಲಿ ಚಕ್ರದ ಗುರುತು ಹುಡುಕಿದ್ದ. ಲಾಂಗ್‌ಮೀರ್‌ನವರು ಯಾವ ಕಾಲಕ್ಕೂ ಭಾರವನ್ನು ಹೊತ್ತವರಲ್ಲ ಎನ್ನುವುದನ್ನು ಮರೆತಿದ್ದ. ಹೊಗೆಸೊಪ್ಪು ತುಂಬಿದ ಪೀಪಾಯಿಗಳನ್ನು ಹಡಗಿನವರೆಗೆ ಉರುಳಿಸಿಕೊಂಡೇ ಹೋಗುತ್ತಿದ್ದರು. ಆ ದಾರಿಗೆ ಇವತ್ತಿಗೂ ಉರುಳುದಾರಿ ಎಂದೇ ಹೆಸರು. ಗಳಗಳ ಮೇಲೆ ಉರುಳಿಸಲು ಬಲ ಬೇಡ, ತಾಳ್ಮೆ ಸಾಕು.

ಕದ್ದವರು ಯಾರು ಎಂದಲ್ಲ. ಕಲ್ಲಿಲ್ಲದ ನಾಡಿನಲ್ಲಿ ಕಲ್ಲನ್ನು ಯಾರ ಕಣ್ಣಿಗೂ ಬೀಳದಂತೆ ಎಲ್ಲಿ ಇಡಬಹುದು ಎಂದು ಅವನು ಕೇಳಬೇಕಿತ್ತು.

*

ಮಿಸ್ ಕಾರ್ನೀಲಿಯಾ ಪೀಕನ್ ಮರದ ಕೆಳಗಿನ ಬೆಂಚಿನಲ್ಲಿ ಕೂತು ತಟ್ಟೆಯ ಬಟ್ಟೆ ತೆಗೆದಿದ್ದಳು. ಉಪ್ಪುಹಾಕಿದ ಹಂದಿಮಾಂಸವಿಟ್ಟ ಬನ್ನಿನಂಥ ಮೆತ್ತನೆಯ ಬಿಸ್ಕತ್ತುಗಳು.

“ತಿನ್ನಪ್ಪ. ನಮ್ಮಲ್ಲಿ ಬಂದೋರಿಗೆ ಮೊದಲು ತಿಂಡಿ, ಆಮೇಲೆ ಜಗಳ.”

“ಬುಧವಾರ ಬೆಳಗ್ಗೆ ಠಾಣೆಗೆ ಫೋನ್ ಮಾಡಿದ್ದು ನೀವೇ ಅಲ್ವಾ, ಅಮ್ಮ?”

“ನಾನೇ. ಕಳ್ಳತನ ಆದ್ರೆ ಹೇಳ್ಬಾರ್ದಾ?”

“ಹೇಳಿದ್ರಿ. ನಾನು ಬಂದು ಪಟ್ಟಿ ಸುತ್ತಿದೆ. ಗುರುವಾರ ಕೆಡವೋದು ನಿಂತುಹೋಯ್ತು.”

“ನಿಮ್ಮ ಇಲಾಖೆ ಅಷ್ಟಾದ್ರೂ ಉಪಯೋಗಕ್ಕೆ ಬಂತಲ್ಲ.” ಅವಳು ಬಿಸ್ಕತ್ತನ್ನು ಎರಡು ಮಾಡಿ ಒಂದು ಚೂರನ್ನು ಬಾಯಿಗಿಟ್ಟುಕೊಂಡಳು.

“ಆ ಹುಲ್ಲಿನ ಗಾಡಿ ಯಾರು ಓಡಿಸ್ತಾರೆ?”

“ನಾನೇ. ಕುದುರೆಗಿಂತ ವಿಧೇಯ. ಹುಲ್ಲೂ ತಿನ್ನಲ್ಲ.”

“ಪೆಟ್ಟಿಗೆ ಯಾಕೆ ದಾಟಿದ್ರಿ, ಮಿಸ್ ಕಾರ್ನೀಲಿಯಾ?”

ಅವಳು ಅಗಿಯುವುದನ್ನು ನಿಲ್ಲಿಸಿದಳು.

“ಕಲ್ಲಿಲ್ಲ, ಬರೀ ಪೆಟ್ಟಿಗೆ ಇದೆ. ಆದ್ರೂ ದಾಟಿದ್ರಿ. ಆ ಮೆಟ್ಟಿಲನ್ನ ತುಳಿಯದೆ ದಾಟ್ತಿದ್ದೋರು ಇಡೀ ಊರಲ್ಲಿ ಒಂದೇ ಮನೆತನ ಅಂದ್ಕೊಂಡಿದ್ದೆ. ಅವರಿಗೆ ಯಾಕೆ ಅಂತ ಗೊತ್ತಿಲ್ಲ. ನಿಮಗೆ ಗೊತ್ತು ಅಂತ ಕಾಣತ್ತೆ.”

ವೆಂಡೆಲ್‌ಗೆ ಮೌನಗಳ ಪರಿಚಯ ಚೆನ್ನಾಗಿತ್ತು. ಹೇಳಲು ಸುಳ್ಳು ಹುಡುಕುವವನ ಮೌನ ಚಡಪಡಿಸುತ್ತದೆ. ಇದು ಅದಲ್ಲ. ಬಹುಕಾಲ ಹೊತ್ತದ್ದನ್ನು ಇಳಿಸಲು ಜಾಗ ನೋಡುತ್ತಿರುವವರ ಮೌನ ಇದು. ಅವನು ಕಾದ. ಪೀಕನ್ ಕಾಯೊಂದು ಬೆಂಚಿನ ಮೇಲೆ ಬಿದ್ದು ಉರುಳಿತು.

“ಆಗ ನಂಗೆ ಏಳು ವರ್ಷ,” ಎಂದಳು ಕೊನೆಗೆ. “ಮೆಟ್ಟಿಲು ಒಂದು ಕಡೆ ಕುಸಿದಿತ್ತು. ಅಪ್ಪ ಆಳುಗಳನ್ನ ಕರೆಸಿ ಎತ್ತಿಸಿದ್ರು. ಮರಳು ತರೋಕೆ ಅವರು ಹೋದಾಗ ನಾನೂ ಅಪ್ಪನೂ ಇಬ್ರೇ. ಕಲ್ಲಿನ ಅಡಿಭಾಗದ ತುಂಬಾ ಅಕ್ಷರ. ಹೊಸದಾಗಿ ಓದೋದು ಕಲ್ತಿದ್ದೆ ನೋಡು, ಸಿಕ್ಕಿದ್ದೆಲ್ಲ ಗಟ್ಟಿಯಾಗಿ ಓದೋ ವಯಸ್ಸು. ಎರಡು ಸಾಲು ಓದೋದ್ರೊಳಗೆ ಅಪ್ಪ ನನ್ನ ಬಾಯಿಗೆ ಕೈ ಒತ್ತಿದ್ರು. ಮೆಲ್ಲಗೇ ಒತ್ತಿದ್ರು. ನಮ್ಮಪ್ಪ ಒಳ್ಳೆ ಮನುಷ್ಯ. ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡು ಕಂದ’ ಅಂದ್ರು. ಕೊಟ್ಟೆ.”

“ಇಷ್ಟು ವರ್ಷ...”

“ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ. ಬಿಡ್ಲಿಲ್ಲ. ಕಲ್ಲನ್ನ ಜರುಗಿಸಲ್ಲ ಅಂತ ನಾನ್ಯಾವತ್ತೂ ಕೊಟ್ಟಿರ್ಲಿಲ್ಲ.” ಮುತ್ತಿನ ಸರವನ್ನು ಸರಿಮಾಡಿಕೊಂಡಳು. “ಹ್ಯೂ ಅದನ್ನ ಪುಡಿ ಮಾಡಿಸ್ತಾನೆ ಅಂತ ತಿಳಿದಾಗ, ಅಪ್ಪನ ಹತ್ರ ಆಮೇಲೆ ಮಾತಾಡ್ಕೊಂಡ್ರಾಯ್ತು ಅಂದ್ಕೊಂಡೆ. ಹೆಚ್ಚು ದಿನ ಏನೂ ಕಾಯ್ಬೇಕಾಗಿಲ್ಲವಲ್ಲ.”

“ಎಲ್ಲಿಟ್ಟಿದೀರಿ ಅಂತ ನಾನು ಹೇಳ್ಲಾ?”

“ಹೇಳು ನೋಡೋಣ. ಟಿಗ್ನರ್‌ಗಳಲ್ಲಿ ಒಬ್ಬನಿಗಾದ್ರೂ ತಲೆ ಇದೆಯಾ ಅಂತ ಗೊತ್ತಾಗ್ಲಿ.”

ಅವನು ನದಿಯ ಕಡೆಗೆ ಕೈ ತೋರಿಸಿದ. ಇಟ್ಟಿಗೆ ಹಾಸಿದ ಕಾಲುದಾರಿಯ ಕೊನೆಯಲ್ಲಿ, ಆಳೆತ್ತರದ ಗೋಡೆಯೊಳಗೆ, ಲಾಂಗ್‌ಮೀರ್ ಮನೆತನದ ಸಮಾಧಿಗಳಿದ್ದವು. ಈ ಸುತ್ತಿನಲ್ಲೆಲ್ಲ ನೆಲದ ಮೇಲೆ ಕಲ್ಲುಚಪ್ಪಡಿ ಕಂಡರೆ ಯಾರೂ ತಿರುಗಿ ನೋಡದಿರುವ ಜಾಗ ಅದೊಂದೇ.

“ಸದ್ಯ, ಒಬ್ಬನಿಗಿದೆ,” ಎಂದಳು ಮಿಸ್ ಕಾರ್ನೀಲಿಯಾ. “ನಡಿ. ಗಾಡೀಲಿ ಕೂತಿರೋಳನ್ನೂ ಕರಿ. ಓದೋ ಹಕ್ಕು ಮೊದಲು ಅವಳದು.”

*

ಏಳು ವರ್ಷದವಳಿದ್ದಾಗ ಕಲ್ಲಿನಡಿ ಅಕ್ಷರ ಕಂಡದ್ದನ್ನು ಮಿಸ್ ಕಾರ್ನೀಲಿಯಾ ದಾರಿಯಲ್ಲೇ ವರ್ಡೆಲ್‌ಗೂ ಹೇಳಿದ್ದಳು. ಗೋಡೆಯೊಳಗೆ ಪೆರಿವಿಂಕಲ್ ಬಳ್ಳಿ ನೆಲವನ್ನೆಲ್ಲ ಹಸಿರಾಗಿ ಮುಚ್ಚಿತ್ತು. ಕರ್ನಲ್‌ನ ಚಪ್ಪಡಿ, ಅವನ ಇಬ್ಬರು ಹೆಂಡಂದಿರದು, ಮಕ್ಕಳದು. ಮೂಡಣ ಮೂಲೆಯಲ್ಲಿ ಮಿಸ್ ಕಾರ್ನೀಲಿಯಾ ತನಗೆಂದು ಕಾದಿರಿಸಿಕೊಂಡ ಜಾಗ. ಅಲ್ಲಿ ಟಾರ್ಪಾಲು ಹೊದಿಸಿದ್ದ ಏನೋ ಇತ್ತು. ಅವಳು ತನ್ನ ಗೋರಿಯ ಕಲ್ಲಿಗೆ ಈಗಲೇ ಹೇಳಿಕಳಿಸಿದ್ದಾಳೆಂದು ಊರವರೆಲ್ಲ ನಗುತ್ತಿದ್ದರಿಂದ ವೆಂಡೆಲ್ ಬುಧವಾರ ಅದರ ಪಕ್ಕದಲ್ಲೇ ನಡೆದುಹೋಗಿದ್ದ.

“ನನ್ನ ಕಲ್ಲು ಇನ್ನೂ ಬಂದೇ ಇಲ್ಲ,” ಎಂದಳು ಅವಳು. “ಜಾಗ ಖಾಲಿ ಇತ್ತು. ಈ ಕಲ್ಲಿನ ಮೇಲೆ ಹೆಸರಿರೋಳಿಗೆ ಬಿಟ್ಟುಕೊಟ್ಟೆ.”

ವೆಂಡೆಲ್ ಟಾರ್ಪಾಲು ಸರಿಸಿ ಹಾರೆ ಹಾಕಿ ಮೀಟಿದ. ಇಬ್ಬರು ಹೆಂಗಸರೂ, ಬೇಡವೆಂದರೂ ಕೇಳದೆ, ಗಳ ಕೊಟ್ಟು ಒತ್ತಿದರು. ಕಲ್ಲು ಮಗ್ಗುಲು ಬದಲಿಸಿ ಮೆಲ್ಲಗೆ ಅಂಗಾತ ಬಿತ್ತು. ಮಣ್ಣು ಕಚ್ಚಿಕೊಂಡಿದ್ದ ಅಕ್ಷರಗಳ ಮೇಲೆ ವರ್ಡೆಲ್ ತನ್ನ ಕೈವಸ್ತ್ರ ಆಡಿಸಿದಳು. ಮಂಡಿಯ ಮಾತು ಮರೆತು ನೆಲಕ್ಕೆ ಕೂತಳು. ಮಕ್ಕಳನ್ನು ಗದರುತ್ತಿದ್ದ ಆ ದೊಡ್ಡ ದನಿ ಈಗ ಪಿಸುಗುಟ್ಟುತ್ತಿತ್ತು.

“‘ಈ ನೆಲದಲ್ಲಿ ಸೂಕಿ ಮಲಗಿದ್ದಾಳೆ. ಪೀಟರ್ ಲಾಂಗ್‌ಮೀರ್, ಹ್ಯಾನಾ ಲಾಂಗ್‌ಮೀರ್ ಇವರ ತಾಯಿ...’”

ಅವಳು ನಿಲ್ಲಿಸಿದಳು. ಬೆರಳು ಎರಡನೆಯ ಹೆಸರಿನ ಮೇಲೆ ನಿಂತಿತ್ತು.

“ಹ್ಯಾನಾ,” ಎಂದಳು. “ಅಜ್ಜಿ ಹೇಳ್ತಿದ್ದ ಹೆಸರುಗಳಲ್ಲಿ ಎಲ್ಲಕ್ಕಿಂತ ಹಳೇದು ಹ್ಯಾನಾ. ಅದಕ್ಕಿಂತ ಹಿಂದೆ ಯಾರೂ ಇರ್ಲಿಲ್ಲ. ಹ್ಯಾನಾಗೆ ಅಮ್ಮನೇ ಇಲ್ಲವೇನೋ ಅನ್ನೋ ಹಾಗೆ.”

“ಕರ್ನಲ್ ಸಾಯೋ ಮುಂಚೆ ಲಂಡನ್ನಿಗೆ ಹೇಳಿಕಳಿಸಿದ್ರಂತೆ,” ಎಂದಳು ಮಿಸ್ ಕಾರ್ನೀಲಿಯಾ. “ಕೆತ್ತಿ ಹಡಗಿಗೇರಿ ಬರೋಹೊತ್ತಿಗೆ ಅವರೇ ಇರ್ಲಿಲ್ಲ. ಅವರ ಮದುವೆಯಾದ ಹೆಂಡತಿಯ ಮಗ ನೋಡಿದ. ಅಡುಗೆಯವಳ ಮಕ್ಕಳಿಗೆ ತನ್ನ ಮನೆತನದ ಹೆಸರು. ನದಿಗೆ ಎಸೀಬೇಕಿತ್ತು. ಆದ್ರೆ ಕಲ್ಲು ನೋಡು. ಈ ಕಡೆ ಯಾರಿಗಾದ್ರೂ ಕಲ್ಲು ಎಸೆಯೋಕೆ ಮನಸ್ಸು ಬರತ್ತಾ? ಮಗುಚಿಹಾಕಿ ಮೆಟ್ಟಿಲು ಮಾಡ್ಸಿದ. ನಮ್ಮ ಜಿಪುಣತನ ಅವಳ ಹೆಸರು ಉಳಿಸ್ತು.”

“ಅವಳ ಬಾಗಿಲಿಗೇ,” ಎಂದಳು ವರ್ಡೆಲ್. “ಅವಳ ಮಕ್ಕಳೇ ತುಳೀಲಿ ಅಂತ.” ತಲೆಯೆತ್ತಿದಳು. ಕಣ್ಣು ಒದ್ದೆಯಾಗಿದ್ದರೂ ದನಿ ಗಟ್ಟಿಯಾಗಿತ್ತು. “ಮತ್ತೆ ನೀವು. ಏಳು ವರ್ಷದವರಿದ್ದಾಗಿಂದ ಗೊತ್ತಿದ್ದು. ನಮ್ಮಜ್ಜಿ ನಿಮಗೆ ಊಟ ಬಡಿಸ್ತಿದ್ಲು. ಸಾಯೋವರೆಗೂ ಬಡಿಸಿದ್ಲು. ಒಂದು ಮಾತು ಹೇಳೋಕೆ ಆಗ್ಲಿಲ್ವಾ?”

“ಇಲ್ಲ. ಆಗ್ಲಿಲ್ಲ.”

“ಇದಕ್ಕೆ ನಾನು ಇವತ್ತೇ ಕ್ಷಮೆ ಗಿಮೆ ಅಂತ ಏನೂ ಕೊಡಲ್ಲ.”

“ನಾನು ಕೇಳ್ಲೂ ಇಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಆಮೇಲೆ ವರ್ಡೆಲ್ ಮಿಸ್ ಕಾರ್ನೀಲಿಯಾಳತ್ತ ಕೈ ಚಾಚಿದಳು. “ಏಳೋಕೆ ಒಂದು ಕೈ ಕೊಡಿ. ಡಾಕ್ಟರ ಮಂಡಿ ಸಿಕ್ಕಾಕ್ಕೊಂತು. ಸೋಮವಾರ ಮಂಡಳಿ ಮುಂದೆ ಬಂದು ಇದನ್ನೆಲ್ಲ ಹೇಳ್ತೀರಾ?”

“ಹೇಳ್ತೀನಿ. ಗಟ್ಟಿಯಾಗಿ ಓದೋದು ನಂಗೆ ಚೆನ್ನಾಗಿ ಬರತ್ತೆ.”

ವರ್ಡೆಲ್ ನಕ್ಕಳು. ಬೆಳಗಿನಿಂದ ಮೊದಲ ಸಲ.

*

“ಓದಿ, ಓದಿ. ಪೂರ್ತಿ ಓದಿ.”

ಹ್ಯೂ ಗೋಡೆಯ ಬಾಗಿಲಲ್ಲಿ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ. ಒಳಗೆ ಬಂದು ಕಲ್ಲಿನ ಮೇಲೆ ಬಗ್ಗಿ, ಉಳಿದ ಸಾಲನ್ನು ತಾನೇ ಓದಿದ.

“‘ತನ್ನವರೆಲ್ಲರ ಜೊತೆಯಲ್ಲಿ, ಒರತೆಗೂ...’ ಆಮೇಲೆ? ಒರತೆಗೂ ಯಾವುದಕ್ಕೂ ನಡುವೆ?”

ಕಲ್ಲು ಅಲ್ಲಿಗೆ ಮುಗಿದಿತ್ತು. ಅಲ್ಲಿಯವರೆಗೆ ವೆಂಡೆಲ್ ಆಗಲಿ ವರ್ಡೆಲ್ ಆಗಲಿ ಅದನ್ನು ಗಮನಿಸಿರಲಿಲ್ಲ. ಮೂರು ಅಂಚು ನಯವಾಗಿ ಕಡಿದಿದ್ದವು, ನಾಲ್ಕನೆಯದು ಒಡೆದದ್ದು. ಚಪ್ಪಡಿಯ ಮೇಲರ್ಧ ಮಾತ್ರ ಅದು.

“ಒರತೆ ಮನೆ ಹತ್ತಿರ ಇದೆ,” ಎಂದ ಹ್ಯೂ, ಅರ್ಧ ನಗು ಮರಳಿ. “ಅದರ ಸುತ್ತ ನಾಲ್ಕು ದಿಕ್ಕಿಗೂ ನನ್ನ ಜಮೀನು. ಒರತೆಗೂ ಆ ಓಕ್ ಮರಗಳಿಗೂ ನಡುವೆ ಅಂದ್ರೆ ನನಗೇನೂ ನಷ್ಟ ಇಲ್ಲ, ಅಲ್ಲೊಂದು ಬೇಲಿ ಹಾಕಿ ಕೊಡ್ತೀನಿ. ಒರತೆಗೂ ನದಿಗೂ ನಡುವೆ ಅಂತ ಇದ್ರೆ ದೋಣಿಕಟ್ಟೆ ಮುಗೀತು. ಯಾವುದು ಅಂತ ಮಂಡಳಿ ಕೇಳತ್ತೆ. ಏನು ಹೇಳ್ತೀರಿ?”

ಅವನು ಮಿಸ್ ಕಾರ್ನೀಲಿಯಾಳತ್ತ ತಿರುಗಿದ.

“ಅತ್ತೆ, ಇನ್ನರ್ಧ ಎಲ್ಲಿ?”

“ನಾನು ಕಂಡಾಗ್ಲೂ ಇಷ್ಟೇ ಇತ್ತು. ಆ ಕಾಲದಲ್ಲೇ ಯಾರಿಗೋ ಕೊಟ್ಟಿರ್ಬೇಕು. ಅಂಥ ಕಲ್ಲು ಅಂದ್ರೆ ಉಡುಗೊರೆ. ನಂಬಿಕೆಯ ಆಳಿಗೆ ಕೊಡೋ ಅಂಥದ್ದು.”

“ಹಾಗಾದ್ರೆ ಕೇಳ್ಕೊಳ್ಳಿ. ಅದು ಯಾರ ಮನೇಲಿ ಸಿಕ್ಕಿದ್ರೂ ಅದು ನಮ್ಮ ಸ್ವತ್ತು. ಇಟ್ಕೊಂಡೋರನ್ನ ಕೋರ್ಟಿಗೆ ಎಳೀತೀನಿ. ಈ ಅರ್ಧವನ್ನೂ ಸಂಜೆ ಬಂದು ಎತ್ತಿಸ್ತೀನಿ.”

“ಎತ್ತಿಸಲ್ಲ,” ಎಂದಳು ಮಿಸ್ ಕಾರ್ನೀಲಿಯಾ. “ಜಮೀನು ನಿಂದು. ಈ ಗೋಡೆಯೊಳಗಿನ ಜಾಗ ನಿಮ್ಮ ತಾತ ನನ್ನ ಹೆಸರಿಗೆ ಮಾಡಿಟ್ಟಿದ್ದು. ಸತ್ತೋರನ್ನ ನೋಡ್ಕೊಳ್ಳೋಕೆ ಗಂಡಸರಿಗೆ ಪುರಸೊತ್ತಿಲ್ಲ ಅಂತ. ಹೋಗು, ಬಿಸ್ಕತ್ತು ಇದೆ, ತಿನ್ನು.”

ಹ್ಯೂ ದುರುಗುಟ್ಟಿ ನೋಡಿ ಹೊರಟುಹೋದ. ಅವನ ಬೂಟಿನ ಸದ್ದು ಇಟ್ಟಿಗೆಯ ದಾರಿಯಲ್ಲಿ ಬಹಳ ಹೊತ್ತು ಕೇಳಿಸಿತು.

ವೆಂಡೆಲ್ ಕುಕ್ಕರಗಾಲಲ್ಲಿ ಕೂತು ಒಡೆದ ಅಂಚನ್ನು ನೋಡುತ್ತಿದ್ದ. ಒಡಕು ಓರೆಯಾಗಿ ಹೋಗಿತ್ತು. ನಡುವೆ ಒಂದು ಕಡೆ ಕಲ್ಲು ಕೋರೆಹಲ್ಲಿನಂತೆ ಮುಂದಕ್ಕೆ ಚಾಚಿತ್ತು. ಅದರ ಮೇಲೆ ಅವನು ಹೆಬ್ಬೆರಳು ಆಡಿಸಿದ. ಈ ಹಲ್ಲು ಕೂರಬೇಕಾದರೆ ಇನ್ನರ್ಧದ ಅಂಚಿನಲ್ಲಿ ಇಷ್ಟೇ ಆಳದ, ಇದೇ ಓರೆಯ ಒಂದು ಕಚ್ಚು ಇರಬೇಕು. ಒಂದು ಸಿಂಪಿ ಸಿಕ್ಕಿಕೊಳ್ಳುವಷ್ಟು.

ಅವನ ಇನ್ನೊಂದು ಕೈ ತಾನಾಗಿಯೇ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತಿಗೆ ಹೋಯಿತು.

“ಏನೋ, ದೆವ್ವ ಕಂಡೋನ ಹಾಗಿದೀಯ,” ಎಂದಳು ವರ್ಡೆಲ್. “ಇಲ್ಲಿರೋರೆಲ್ಲ ಮರ್ಯಾದಸ್ಥ ದೆವ್ವಗಳು. ಹೇಳು, ಆ ಇನ್ನರ್ಧ ಹುಡುಕ್ತೀಯಾ? ಸೋಮವಾರದೊಳಗೆ?”

ಅವನು ಎದ್ದು ನಿಂತು ಪ್ಯಾಂಟಿನ ಮಣ್ಣು ಕೊಡವಿಕೊಂಡ. ಅವಳ ಮುಖದಲ್ಲಿ ಬೆಳಗ್ಗೆ ಇಲ್ಲದ ಬೆಳಕೊಂದು ಇತ್ತು. ತಾಯಿಯ ಹೆಸರು ಈಗಷ್ಟೇ ಸಿಕ್ಕ ಮಗುವಿನ ಮುಖ.

“ತರ್ತೀನಿ, ಮಿಸ್ ವರ್ಡೆಲ್.”

“ಹುಡುಕ್ತೀಯಾ ಅಂತ ಕೇಳಿದ್ರೆ ತರ್ತೀನಿ ಅಂತಾನೆ. ನೋಡಿ ಇವನ ಧೈರ್ಯ.”

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಸ್ವಲ್ಪ ದೂರ ಸರಿದು, ಗೋಡೆಗೆ ಮುಖ ಮಾಡಿ ಕಿವಿಗಿಟ್ಟುಕೊಂಡ.

“ಬರೋದಾದ್ರೆ ನಿಂಬೆಹಣ್ಣು ತಗೊಂಬಾ,” ಎಂದಳು ತಾಯಿ. ಹಿಂದಿನಿಂದ ಟಕ್ ಎಂದು ಸದ್ದು ಬಂತು. “ಇನ್ನೂ ಅರ್ಧ ಬುಟ್ಟಿ ಇದೆ.”

“ಬರ್ತಿದೀನಮ್ಮ,” ಎಂದ.

ಸೂಕಿಯ ಕಲ್ಲಿನ ಇನ್ನರ್ಧದ ಮೇಲೆ ಈ ಹೊತ್ತಿಗೆ ತನ್ನ ತಾಯಿ ಕೂತಿದ್ದಾಳೆಂದು ಅವನು ಆ ಇಬ್ಬರು ಹೆಂಗಸರಿಗೂ ಹೇಳಲಿಲ್ಲ.